ಕುಬ್ಬೂಸ್ ದಂಗೆಗೆ ಐದು ಕಾರಣಗಳು

ಫ್ರಾನ್ಸಿನ ಕ್ರಾಂತಿಗೆ ಕಾರಣಗಳು ಐದು. ನಾಲ್ಕಲ್ಲ, ಆರೂ ಅಲ್ಲ. ರಾಜಕೀಯ, ಸಾಮಾಜಿಕ, ಆರ್ಥಿಕ, ಬೌದ್ಧಿಕ, ಕೊನೆಗೆ ತಕ್ಷಣದ ಕಾರಣ. ನಮ್ಮ ಕಾಲೇಜಿನ ಇತಿಹಾಸದ ಲೆಕ್ಚರರು ಅಂಚು ಹರಿದ ಹಳದಿ ಕಾಗದಗಳನ್ನು ಹಿಡಿದು ನಿಂತು, ಪ್ರತಿ ವರ್ಷವೂ ಅದೇ ವಾಕ್ಯಗಳನ್ನು ಅದೇ ವೇಗದಲ್ಲಿ ಬರೆಸುತ್ತಿದ್ದರು. ನಡುವೆ ತಲೆ ಎತ್ತಿ ಒಂದೇ ಒಂದು ಮಾತನ್ನು ಕಾಗದ ನೋಡದೆ ಹೇಳುತ್ತಿದ್ದರು: "ಒಂದು ಕಾರಣಕ್ಕೆ ಎರಡು ಅಂಕ. ಬೌದ್ಧಿಕ ಕಾರಣ ಬಿಡ್ಬೇಡಿ. ಎಲ್ಲರೂ ಬಿಡುದು ಅದನ್ನೇ."

ನಾನು ಬಿಡಲಿಲ್ಲ. ಅದಕ್ಕೇ ಈ ಸಿಟ್ಟು.

ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ನನಗಿಂತ ಮೊದಲು ಹತ್ತನೆಯ ತರಗತಿಯ ಬೆಂಚಿನ ಮೇಲೆ ಕೂತವರಿಲ್ಲ. ಬಿ.ಎ. ಆದ ಮೊದಲಿಗ ನಾನು, ಅದೂ ಮೊದಲ ದರ್ಜೆಯಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಅಪ್ಪನ ಕೊಟ್ಟಿಗೆಯಂಥ ಮನೆಯಲ್ಲಿ ಕೂತು ದೂರದ ಒಬ್ಬ ದೊರೆಯ ಪತನವನ್ನು ನಾನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಅಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಸುತ್ತುತ್ತ, ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಕೇಳಿದರು:

"ಜನರಿಗೆ ರೊಟ್ಟಿ ಇಲ್ಲ ಅಂತ ಆ ಅರಸನಿಗೆ ಯಾರೂ ಹೇಳ್ಲಿಲ್ವಾ ಮಗಾ?"

"ಹೇಳಿದ್ರಮ್ಮ. ಅವ ಕೇಳ್ಲಿಲ್ಲ."

"ಹಾಗಾದ್ರೆ ಅದೊಂದೇ ಕಾರಣ ಸಾಕಲ್ಲ. ಐದು ಎಂತಕ್ಕೆ?"

"ಹತ್ತು ಅಂಕದ ಪ್ರಶ್ನೆ ಅದು," ಎಂದು ನಾನು ಗದರಿದೆ. ಅಮ್ಮ ನಕ್ಕು ಇನ್ನೊಂದು ಎಲೆ ತೆಗೆದುಕೊಂಡರು. ಅಕ್ಷರ ಬಾರದ ಅವರು ನನ್ನ ಲೆಕ್ಚರರಿಗಿಂತ ಹತ್ತಿರ ಹೋಗಿದ್ದರು ಎಂದು ತಿಳಿಯಲು ನಾನು ಸಮುದ್ರ ದಾಟಬೇಕಾಯಿತು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಒಮಾನಿಗೆ ಬಂದೆ. ಬೊಂಬಾಯಿಯ ಏಜೆಂಟನ ಆಫೀಸಿನಲ್ಲಿ ನಮ್ಮೂರ ಕಡೆಯವರೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದೆವು. ಡಿಗ್ರಿ ಸರ್ಟಿಫಿಕೇಟು ತೋರಿಸಿದ್ದಕ್ಕೆ ನನ್ನೊಬ್ಬನನ್ನು ಸಾಲಿನಿಂದ ಹೊರಗೆ ಕರೆದು ಕುರ್ಚಿ ಕೊಟ್ಟರು. ಉಳಿದವರು ಲೇಬರ್, ನಾನು ಸ್ಟಾಫ್. ಆ ಕುರ್ಚಿಯ ಮೇಲೆ ಕೂತಾಗ ನನಗಾದ ಸಂತೋಷವನ್ನು ಈಗ ನೆನೆದರೆ ಮೈ ಉರಿಯುತ್ತದೆ. ಆಗ ಮಾತ್ರ ಉರಿಯಲಿಲ್ಲ. ಆಗ ನಾನು ಊರಿಗೆ ಕಾಗದ ಬರೆದೆ.

ನನ್ನ ಕೆಲಸ ಟೈಮ್‌ಕೀಪರಿನದು. ಅಲ್ ಖೌದ್ ಎಂಬ ಊರಿನಿಂದ ಆಚೆ, ವಾದಿ ಎನ್ನುವ ಒಣಹೊಳೆಯ ಬದಿಯ ಬಯಲಿನಲ್ಲಿ, ನಮ್ಮ ಕಂಪನಿ ಮನೆಗಳ ಸಾಲು ಕಟ್ಟುತ್ತಿತ್ತು. ಬೆಳಿಗ್ಗೆ ಬಸ್ಸಿನಿಂದ ಇಳಿದವರ ಹಾಜರಿ ಹಾಕುವುದು, ಸಂಜೆ ಹತ್ತುವವರ ತಲೆ ಎಣಿಸುವುದು, ನಡುವೆ ಟೈಪ್ ಮಾಡುವುದು. ಕ್ಯಾಂಪಿನಲ್ಲಿ ಮೂರು ಮೆಸ್ಸುಗಳಿದ್ದವು. ಸೀನಿಯರ್ ಮೆಸ್ಸಿನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ಜೂನಿಯರ್ ಮೆಸ್ಸಿನಲ್ಲಿ ಬಟ್ಟೆ ಇಲ್ಲದ ಮೇಜು. ಆದರೆ ಅನ್ನ, ಮೀನು, ಮಜ್ಜಿಗೆ ಎಲ್ಲ ಇತ್ತು. ಲೇಬರ್ ಮೆಸ್ಸಿನಲ್ಲಿ ಮೇಜೂ ಇಲ್ಲ, ಉದ್ದನೆಯ ಸಿಮೆಂಟು ಕಟ್ಟೆ. ಮೂರಕ್ಕೂ ಅಡುಗೆ ಒಂದೇ ಹೊಗೆಗೂಡಿನ ಕೆಳಗೆ ಆಗುತ್ತಿತ್ತು. ಫ್ರಾನ್ಸಿನ ಸಮಾಜದ ಮೂರು ವರ್ಗಗಳನ್ನು ಪರೀಕ್ಷೆಯಲ್ಲಿ ಚಿತ್ರ ಬರೆದು ವಿವರಿಸಿದ್ದವನು ನಾನು, ದಿನಕ್ಕೆ ಮೂರು ಹೊತ್ತು ಜೂನಿಯರ್ ಮೆಸ್ಸಿನ ಊಟ ಉಂಡು ಕೈ ತೊಳೆದೆ. ಒಂದು ದಿನವೂ ಆ ಚಿತ್ರ ನೆನಪಾಗಲಿಲ್ಲ. ಹೊಟ್ಟೆ ತುಂಬಿದವನ ಇತಿಹಾಸ ಜ್ಞಾನ ಅಷ್ಟೇ.

ಲೇಬರಿನವರಲ್ಲಿ ಬಂಟ್ವಾಳದ ಕಡೆಯ ಬ್ಯಾರಿ ಬಡಗಿಯೊಬ್ಬರಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಸೆಂಟ್ರಿಂಗ್ ಹಲಗೆ ಹೊಡೆಯುವ ಕೆಲಸ. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಅದರ ಒಂದು ಕಡ್ಡಿ ಮುರಿದದ್ದಕ್ಕೆ ತಂತಿ ಸುತ್ತಿದ್ದರು. ಓದಿದ್ದು ಏಳನೆಯ ತರಗತಿ, ಕನ್ನಡ ಶಾಲೆಯಲ್ಲಿ. ನಮ್ಮ ಕಡೆಯವರಿಗೆ ಊರಿಂದ ಬಂದ ಕಾಗದಗಳನ್ನೆಲ್ಲ ಓದಿ ಹೇಳುವವರು ಅವರೇ, ಉತ್ತರ ಬರೆಯುವವರೂ ಅವರೇ. ಶುಕ್ರವಾರ ನಮಾಜು ಮುಗಿಸಿ ಬಂದು ಸಿ ಬ್ಲಾಕಿನ ನೆರಳಲ್ಲಿ ಕೂತರೆ ಸಂಜೆಯವರೆಗೆ ಅವರ ಮುಂದೆ ಸಾಲು. ಯಾರ ಹೆಂಡತಿ ಯಾಕೆ ಮುನಿಸಿಕೊಂಡಿದ್ದಾಳೆ, ಯಾರ ಅಪ್ಪನಿಗೆ ಯಾವ ಆಪರೇಷನ್ ಆಯಿತು, ಎಲ್ಲವೂ ಆ ದಪ್ಪ ಗಾಜಿನ ಹಿಂದೆ ಇತ್ತು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋದದ್ದಿಲ್ಲ.

ನನ್ನನ್ನು ಮಾಸ್ಟ್ರೇ ಎಂದು ಕರೆಯಲು ಶುರು ಮಾಡಿದ್ದು ಅವರೇ. ಅವರನ್ನು ನೋಡಿ ಎಲ್ಲರೂ ಹಾಗೇ ಕರೆದರು. ನಾವು ತುಳುವಿನಲ್ಲಿ ಮಾತಾಡುತ್ತಿದ್ದೆವು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಸ್ಟ್ರೇ, ನನ್ನ ಮಗಳು ಏಳು ಮುಗಿಸಿದ್ಲು. ನನಗಿಂತ ಮುಂದೆ ಹೋಗುದು ಇನ್ನು."

"ಓದಿಸಿ. ಬಿಡಿಸ್ಬೇಡಿ."

"ಬಿಡಿಸುದಾ? ಹತ್ತು ಮುಗಿಯುವವರೆಗೆ ನಾನು ಈ ಮರುಭೂಮಿ ಬಿಡುದಿಲ್ಲ. ಮೂರು ವರ್ಷ. ಹಲಗೆ ಹೊಡೆದೇ ಹೊಡೀತೇನೆ. ನಿಮ್ಮ ಹಾಗೆ ಅವಳೂ ಕುರ್ಚಿಯಲ್ಲಿ ಕೂತ್ಕೊಳ್ಬೇಕು."

ಆ ಮೂರು ವರ್ಷಕ್ಕಾಗಿ ಅವರು ಎಂಥ ಬಿಸಿಲಲ್ಲೂ ರಜೆ ಹಾಕಿದವರಲ್ಲ. ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು, ಆದ್ದರಿಂದ ಇದು ನನಗೆ ಗೊತ್ತು.

ಬೇಸಿಗೆಯ ಹೊತ್ತಿಗೆ ನಮ್ಮ ಪ್ರಾಜೆಕ್ಟ್ ಮ್ಯಾನೇಜರಿಗೆ ಒಂದು ಯೋಚನೆ ಹೊಳೆಯಿತು. ಮ್ಯಾನೇಜರು ನಮ್ಮ ದೇಶದವರೇ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಗಲ್ಫಿನ ಕಷ್ಟ ಹೇಳುವಾಗ ನಮ್ಮವರು ಬೈಗುಳವನ್ನೆಲ್ಲ ಅರಬರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಮಧ್ಯಾಹ್ನ ಸೈಟಿಗೆ ಪಿಕಪ್ಪಿನಲ್ಲಿ ಅನ್ನ ಸಾರು ಬರುತ್ತಿತ್ತು. ಉಂಡು ನೆರಳಲ್ಲಿ ಸ್ವಲ್ಪ ಅಡ್ಡಾಗಲು ಸಮಯವಿತ್ತು. ಅನ್ನ ತಿಂದವನಿಗೆ ನಿದ್ದೆ ಬರುತ್ತದೆ, ಕುಬ್ಬೂಸ್ ಎಂಬ ಅರಬಿ ರೊಟ್ಟಿ ತಿಂದವನು ಎದ್ದು ಕೆಲಸಕ್ಕೆ ಹೋಗುತ್ತಾನೆ ಎಂದು ಮ್ಯಾನೇಜರು ಲೆಕ್ಕ ಹಾಕಿದರು. ಅನ್ನ ನಿಂತಿತು, ಊಟದ ಬಿಡುವು ಅರ್ಧವಾಯಿತು. ಬೆಳಿಗ್ಗೆ ಬಸ್ಸು ಹತ್ತುವಾಗಲೇ ತಲೆಗೆ ಮೂರು ಕುಬ್ಬೂಸ್, ಒಂದು ಈರುಳ್ಳಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ದಾಲ್.

ಕುಬ್ಬೂಸ್ ಕೆಟ್ಟದ್ದಲ್ಲ. ಬಿಸಿ ಇದ್ದಾಗ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನಸುಕಿನಲ್ಲಿ ಚೀಲಕ್ಕೆ ಹಾಕಿದ್ದು ಜೂನ್ ತಿಂಗಳ ಬಿಸಿಲಲ್ಲಿ ನಡು ಮಧ್ಯಾಹ್ನದವರೆಗೆ ಇದ್ದರೆ ಚಪ್ಪಲಿಯ ಅಟ್ಟೆ. ದಾಲ್ ಹುಳಿ ಬಂದು ಚೀಲ ಉಬ್ಬಿರುತ್ತಿತ್ತು. ಅತ್ತ ಜೂನಿಯರ್ ಮೆಸ್ಸಿನಿಂದ ನನಗೆ ಟಿಫಿನ್ ಕ್ಯಾರಿಯರಿನಲ್ಲಿ ಅನ್ನವೇ ಬರುತ್ತಿತ್ತು. ಟೈಮ್ ಆಫೀಸಿನ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆ. ಧೂಳು ಬರುತ್ತದೆ ಎಂದು ಬಾಗಿಲು ಹಾಕುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡದ್ದೂ ಉಂಟು.

ಎರಡು ವಾರ ಕಳೆದ ಮೇಲೆ ಕನ್ನಡಕದವರು ನನ್ನ ಕಿಟಕಿಗೆ ಬಂದರು. ಕೈಯಲ್ಲಿ ಬೊಂಬಾಯಿಯಲ್ಲಿ ಎಲ್ಲರಿಂದ ಸಹಿ ಹಾಕಿಸಿದ ಅಗ್ರಿಮೆಂಟಿನ ಪ್ರತಿ. ಇಂಗ್ಲಿಷಿನಲ್ಲಿತ್ತು.

"ಮಾಸ್ಟ್ರೇ, ಇದ್ರಲ್ಲಿ ಊಟದ ವಿಷಯ ಎಂತಾದ್ರೂ ಉಂಟಾ?"

ನಾನು ಓದಿದೆ. "ಉಂಟು. ದಿನಕ್ಕೆ ಎರಡು ಹೊತ್ತು ಬಿಸಿ ಊಟ ಕಂಪನಿ ಕೊಡ್ಬೇಕು ಅಂತ."

"ಬಿಸಿ ಅಂತಲೇ ಉಂಟಾ? ನೀವು ಸೇರಿಸಿ ಹೇಳುದಲ್ಲ ಅಲ್ವಾ?"

"ಬಿ.ಎ. ಓದಿದವ ನಾನು. ಇಲ್ಲದ್ದು ಹೇಳ್ತೇನಾ? ಇಲ್ಲಿ ನೋಡಿ, ಏಳನೇ ಕಲಮು."

"ಕನ್ನಡದಲ್ಲಿ ಬರ್ದು ಕೊಡಿ ಹಾಗಾದ್ರೆ. ನಾನು ಬಾಯಲ್ಲಿ ಹೇಳಿದ್ರೆ ಇವರು ನಂಬುದಿಲ್ಲ. ಬ್ಯಾರಿ ಹೇಳ್ದ ಅಂತಾರೆ. ಬರ್ದದ್ದು ಓದಿದ್ರೆ ನಂಬ್ತಾರೆ."

ಒಂದು ಹಳೆಯ ಟೈಮ್ ಕಾರ್ಡಿನ ಹಿಂಬದಿಗೆ ನಾನು ಆ ಕಲಮನ್ನು ಕನ್ನಡದಲ್ಲಿ ಬರೆದುಕೊಟ್ಟೆ. ದುಂಡಗಿನ ಅಕ್ಷರದಲ್ಲಿ, ಅಡಿಗೆರೆ ಎಳೆದು. ನನ್ನ ಅಕ್ಷರ ಚಂದ ಎಂದು ಶಾಲೆಯಲ್ಲಿ ಬಹುಮಾನ ಬಂದಿತ್ತು. ಬರೆದುಕೊಟ್ಟದ್ದು ಅನ್ಯಾಯದ ಮೇಲಿನ ಸಿಟ್ಟಿನಿಂದ ಎಂದರೆ ಸುಳ್ಳು. ಇಂಗ್ಲಿಷ್ ಗೊತ್ತಿದೆ ಎಂದು ತೋರಿಸಿಕೊಳ್ಳುವ ಖುಷಿಯಿಂದ ಬರೆದುಕೊಟ್ಟೆ.

ಆ ಶುಕ್ರವಾರ ಸಿ ಬ್ಲಾಕಿನ ನೆರಳಲ್ಲಿ ಊರ ಕಾಗದಗಳ ನಡುವೆ ಆ ಕಾರ್ಡನ್ನೂ ಓದಿದರಂತೆ. ಮಲಯಾಳದವರಿಗೆ, ಆಂಧ್ರದವರಿಗೆ ಹಿಂದಿಯಲ್ಲಿ ಅರ್ಥ ಹೇಳಿದರಂತೆ. ಆಮೇಲೆ ಅವರೂ ಮೂರು ನಾಲ್ಕು ಜನರೂ ಮ್ಯಾನೇಜರ ಬಳಿಗೆ ಹೋಗಿ ಕೇಳಿಕೊಂಡರು. ಎರಡು ಸಲ ಹೋದರು. ಮೊದಲ ಸಲ ಮ್ಯಾನೇಜರು "ನೋಡೋಣ" ಎಂದರು. ಎರಡನೆಯ ಸಲ ಕುರ್ಚಿಯಿಂದ ಏಳದೆ, "ಖಾನಾ ಹೈ ತೋ ಖಾವೋ, ನಹೀ ತೋ ಫ್ಲೈಟ್ ಹೈ," ಎಂದರು. ನಾನು ಪಕ್ಕದ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದೆ. ಅಮ್ಮನ ಪ್ರಶ್ನೆಗೆ ಅಲ್ಲೇ ಉತ್ತರವಿತ್ತು. ಹೇಳಿದ್ದರು. ಕೇಳಲಿಲ್ಲ.

ಅದಾಗಿ ಎರಡೋ ಮೂರೋ ದಿನಕ್ಕೆ ಸಾರುವೆಯ ಮೇಲೆ ಕೆಲಸ ಮಾಡುತ್ತಿದ್ದ ಆಂಧ್ರದ ಮೇಸ್ತ್ರಿಯೊಬ್ಬ ಹುಳಿ ದಾಲ್ ತಿಂದು ವಾಂತಿ ಮಾಡಿಕೊಂಡು ಬಗ್ಗಿದ. ಪಕ್ಕದವನು ಅಂಗಿ ಹಿಡಿದು ಎಳೆಯದಿದ್ದರೆ ಕೆಳಗೆ ಬೀಳುತ್ತಿದ್ದ.

ಮರುದಿನ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಯಾರೂ ನೆರಳಿಗೆ ಹೋಗಲಿಲ್ಲ. ಇನ್ನೂರರಷ್ಟು ಜನ ಚೀಲ ಹಿಡಿದುಕೊಂಡು ಸೈಟ್ ಆಫೀಸಿನ ಮುಂದೆ ಬಂದರು. ಒಬ್ಬ ಹುಡುಗ ಸಿಟ್ಟಿನಿಂದ ಕುಬ್ಬೂಸನ್ನು ಮೆಟ್ಟಿಲ ಮೇಲೆ ಎಸೆಯಲು ಕೈ ಎತ್ತಿದ. ಕನ್ನಡಕದವರು ಅವನ ಮಣಿಕಟ್ಟು ಹಿಡಿದರು.

"ಅನ್ನ ಅದು. ನೆಲಕ್ಕೆ ಹಾಕ್ಬಾರ್ದು. ತಡಿ."

ಹಲಗೆ ಮುಚ್ಚುವ ಟಾರ್ಪಾಲು ತರಿಸಿ, ಧೂಳು ಕೊಡವಿ, ಆಫೀಸಿನ ಮುಂದೆ ಹಾಸಿದರು. ಒಬ್ಬೊಬ್ಬರೇ ಬಂದು ತಂತಮ್ಮ ಮೂರು ಕುಬ್ಬೂಸನ್ನು ಅದರ ಮೇಲೆ ಸಾಲಾಗಿ ಇಟ್ಟರು. ಮುಸ್ಲಿಮರು ಇಡುವ ಮೊದಲು ಹಣೆಗೆ ಮುಟ್ಟಿಸಿದರು; ನಮ್ಮವರೂ ಹಾಗೇ ಮಾಡಿದರು. ಒಂದು ಕಲ್ಲು ಬೀಳಲಿಲ್ಲ, ಒಂದು ಗಾಜು ಒಡೆಯಲಿಲ್ಲ, ಒಂದು ಘೋಷಣೆ ಇಲ್ಲ. ಇಟ್ಟು, ಬಿಸಿಲಲ್ಲೇ ಕೂತರು. ಮ್ಯಾನೇಜರು ಒಳಗಿನಿಂದ ಕರ್ಟನ್ ಸರಿಸಿ ನೋಡಿ ಮತ್ತೆ ಎಳೆದುಕೊಂಡರು.

ಆ ಹೊತ್ತಿಗೆ ಕಂಪನಿಯ ಕಫೀಲ್, ಅಂದರೆ ನಮ್ಮ ವೀಸಾಗಳೆಲ್ಲ ಯಾರ ಹೆಸರಲ್ಲಿದ್ದವೋ ಆ ಒಮಾನಿ ಯಜಮಾನರು, ಬೇರೆ ಏನೋ ಕಾಗದಕ್ಕೆ ಸಹಿ ಹಾಕಲು ಬಂದರು. ಕಾರಿನಿಂದ ಇಳಿದು ಟಾರ್ಪಾಲಿನ ಬಳಿ ನಿಂತರು. ಒಂದು ಕುಬ್ಬೂಸ್ ಎತ್ತಿ ಮುರಿದರು. ಹಪ್ಪಳದ ಹಾಗೆ ಸದ್ದು ಮಾಡಿ ಎರಡಾಯಿತು. ಆ ತುಂಡುಗಳನ್ನು ಅವರು ಮತ್ತೆ ಅಲ್ಲೇ ಮೆಲ್ಲಗೆ ಇಟ್ಟು, ಓಡಿಬಂದ ಮ್ಯಾನೇಜರ ಮುಖ ನೋಡಿ ಒಂದೇ ಮಾತು ಕೇಳಿದರು.

"ಲೇಶ್?"

ಯಾಕೆ? ಅಷ್ಟೇ. ಮ್ಯಾನೇಜರು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು, ಸಣ್ಣ ತಪ್ಪು ತಿಳಿವಳಿಕೆ ಎಂದರು. ಯಜಮಾನರು ಕೈ ಎತ್ತಿ ತಡೆದರು. ಇವತ್ತೇ ಅನ್ನ ತರಿಸು, ಖಲಾಸ್. ಯಾಕೆ ಹೀಗಾಯಿತು ಎಂದು ನನಗೆ ಬರೆದು ಕಳಿಸು, ಎಂದು ಹೇಳಿ ಕಾರು ಹತ್ತಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಅನ್ನ ಬಂತು. ಉಂಡು ಎಲ್ಲರೂ ಕೆಲಸಕ್ಕೆ ಹೋದರು. ಕ್ರಾಂತಿ ಎಂದರೆ ಇಷ್ಟೇ ಆಗಿತ್ತು. ಇಲ್ಲಿಗೇ ನಿಂತಿದ್ದರೆ ಇದನ್ನು ನಾನು ನಗುತ್ತ ಹೇಳುತ್ತಿದ್ದೆ.

ಸಂಜೆ ಮ್ಯಾನೇಜರು ನನ್ನನ್ನು ಕರೆದರು. ಏಸಿ ಕೋಣೆ. ನನಗೂ ಕಪ್ಪು ಬಸಿಯಲ್ಲಿ ಚಹಾ.

"ತುಮ್ ತೋ ಹಿಸ್ಟರಿ ಗ್ರ್ಯಾಜುಯೇಟ್ ಹೋ ನಾ?"

"ಎಸ್ ಸರ್. ಫಸ್ಟ್ ಕ್ಲಾಸ್."

"ಗುಡ್. ಈ ದಂಗೆ ಯಾಕಾಯಿತು ಅಂತ ಒಂದು ರಿಪೋರ್ಟ್ ಬರಿ. ಕಾಸಸ್, ಎವೆರಿಥಿಂಗ್. ಪ್ರಾಪರ್ ಇಂಗ್ಲಿಷ್."

ನಾನು ಹಿಗ್ಗಿದೆ. ಹೌದು, ಹಿಗ್ಗಿದೆ. ಮೂರು ವರ್ಷ ಬಾಯಿಪಾಠ ಮಾಡಿದ್ದಕ್ಕೆ ಜೀವನದಲ್ಲಿ ಮೊದಲ ಸಲ ಉಪಯೋಗ ಬಂದಿತ್ತು. ಅಕ್ಷರ ಬಾರದವರ ಮನೆಯಿಂದ ಬಂದವನು ಕಾರಣಗಳನ್ನು ಬರೆಯಲಿದ್ದೆ, ಅದನ್ನು ಒಬ್ಬ ಯಜಮಾನರು ಓದಲಿದ್ದರು. ಕಾಗದಕ್ಕೆ ಕಾರ್ಬನ್ ಸೇರಿಸಿ ಟೈಪ್‌ರೈಟರಿಗೆ ಏರಿಸಿದೆ. ಒಂದು, ಆಡಳಿತದ ಕಾರಣ: ಹೇಳಿಕೊಂಡದ್ದನ್ನು ಎರಡು ಸಲ ಕೇಳದೆ ಹೋದದ್ದು. ಎರಡು, ಸಾಮಾಜಿಕ ಕಾರಣ: ಒಂದೇ ಕ್ಯಾಂಪಿನಲ್ಲಿ ಮೂರು ಮೆಸ್ಸು. ಮೂರು, ಆರ್ಥಿಕ ಕಾರಣ: ಊಟದಲ್ಲಿ ಮಾಡಿದ ಉಳಿತಾಯ. ಇಷ್ಟನ್ನೂ ಬರೆದೆ. ಆ ಮಟ್ಟಿಗೆ ಧೈರ್ಯವಿತ್ತು. ತಕ್ಷಣದ ಕಾರಣ ಸುಲಭ, ವಾಂತಿ ಮಾಡಿಕೊಂಡ ಮೇಸ್ತ್ರಿ. ಅದು ಐದನೆಯದು.

ನಾಲ್ಕನೆಯದು ಖಾಲಿ ಇತ್ತು. ಬೌದ್ಧಿಕ ಕಾರಣ. ಎಲ್ಲರೂ ಬಿಡುವುದು ಅದನ್ನೇ.

ಫ್ರಾನ್ಸಿನಲ್ಲಾದರೆ ತತ್ವಜ್ಞಾನಿಗಳಿದ್ದರು, ಪುಸ್ತಕ ಬರೆದರು, ಜನ ಓದಿ ಎಚ್ಚೆತ್ತರು. ಇಲ್ಲಿ ಯಾರು? ನಾನು ಯೋಚಿಸಿದೆ. ಯೋಚಿಸಿ ಬರೆದೆ: 'ಸಿ ಬ್ಲಾಕಿನಲ್ಲಿ ವಾಸಿಸುವ, ತನ್ನ ಸಂಗಡಿಗರ ಕಾಗದಗಳನ್ನು ಓದಿ ಹೇಳುವ ಅಕ್ಷರಸ್ಥ ಕೆಲಸಗಾರನೊಬ್ಬ ಕರಾರಿನ ಏಳನೆಯ ಕಲಮನ್ನು ಎಲ್ಲರಿಗೂ ವಿವರಿಸಿದ್ದರಿಂದ ಅವರಲ್ಲಿ ಹಕ್ಕಿನ ಅರಿವು ಮೂಡಿತು.' ಹೊಗಳಿಕೆಯೆಂದೇ ಬರೆದೆ. ಹೆಸರು ಬರೆಯಲಿಲ್ಲ. ಹೆಸರು ಬರೆಯದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ನಂಬಿದ್ದೆ. ಈ ಬರಹದಲ್ಲೂ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ, ಆದರೆ ಈಗ ಆ ನಂಬಿಕೆ ಇಲ್ಲ.

ಮ್ಯಾನೇಜರು ಓದಿದರು. ಮೊದಲ ಮೂರು ಕಾರಣಗಳ ಮೇಲೆ ಕಣ್ಣು ನಿಲ್ಲಲಿಲ್ಲ. ನಾಲ್ಕನೆಯದಕ್ಕೆ ಬಂದು ಪೆನ್ನಿನ ತುದಿಯಿಂದ ಎರಡು ಸಲ ಕುಟ್ಟಿದರು.

"ವೆರಿ ಗುಡ್. ಇದೊಂದನ್ನೇ ಇಟ್ಟು ಬೇರೆ ಟೈಪ್ ಮಾಡು. ಉಳಿದದ್ದು ಯಜಮಾನರಿಗೆ ಬೋರ್ ಆಗ್ತದೆ."

"ಸರ್, ಅವರೊಬ್ಬರೇ ಕಾರಣ ಅಂತ ಆಗ್ತದೆ ಆಗ."

"ಸೋ? ನೀನೇ ಬರೆದದ್ದಲ್ವಾ? ನಾನು ಹೇಳ್ಕೊಟ್ಟೆನಾ?"

ಅವರು ಚಹಾ ಕುಡಿದು ಕಪ್ಪನ್ನು ಬಸಿಯ ಮೇಲೆ ಇಟ್ಟರು. "ಅರ್ಥ ಹೇಳಿಕೊಟ್ಟದ್ದು ಯಾರು ಅಂತ ಬೇಕಾದ್ರೆ ಅದನ್ನೂ ಹುಡುಕೋಣ. ಏಳನೇ ಕ್ಲಾಸಿನವನಿಗೆ ಇಂಗ್ಲಿಷ್ ಅಗ್ರಿಮೆಂಟ್ ಹೇಗೆ ಓದ್ಲಿಕ್ಕಾಯ್ತು?" ಎಂದು ಹೇಳಿ ನನ್ನನ್ನೇ ನೋಡಿದರು. ಗೊತ್ತಿದ್ದು ಕೇಳಿದರೋ, ಗೊತ್ತಿಲ್ಲದೆ ಕೇಳಿದರೋ, ನನಗೆ ಇಂದಿಗೂ ಗೊತ್ತಿಲ್ಲ.

ನಾನು ಹೋಗಿ ಟೈಪ್ ಮಾಡಿದೆ. ಇಲ್ಲ ಎನ್ನಲಿಲ್ಲ, ನಾನೇ ಅರ್ಥ ಹೇಳಿದವನು ಎನ್ನಲಿಲ್ಲ. ಊರಲ್ಲಿ ಕಟ್ಟುತ್ತಿದ್ದ ಮನೆಗೆ ಹಂಚು ಹೊದಿಸಬೇಕಿತ್ತು, ತಂಗಿಯ ಮದುವೆ ಗೊತ್ತಾಗಿತ್ತು. ಇವೆಲ್ಲ ನಿಜವಾದ ಕಾರಣಗಳೇ. ನನ್ನ ಹೇಡಿತನಕ್ಕೂ ಐದು ಕಾರಣಗಳನ್ನು ನಾನು ಅಂಕ ಬೀಳುವ ಹಾಗೆ ಬರೆಯಬಲ್ಲೆ.

ಸೈಟಿನಲ್ಲಿ ಟೈಪ್‌ರೈಟರು ಇದ್ದದ್ದು ಒಂದೇ. ಅದರ ಸದ್ದು ಹಲಗೆ ಹೊಡೆಯುವವರಿಗೂ ಕೇಳುತ್ತಿತ್ತು.

ನಾಲ್ಕು ದಿನಕ್ಕೆ ಅವರ ವೀಸಾ ರದ್ದಾಯಿತು. ಒಬ್ಬರದೇ. ಬೆಳಿಗ್ಗೆ ಏರ್‌ಪೋರ್ಟಿಗೆ ಹೋಗುವ ಪಿಕಪ್ ಕ್ಯಾಂಪಿನ ಗೇಟಿನಲ್ಲಿ ನಿಂತಿತ್ತು. ಹಾಜರಿ ಪುಸ್ತಕದಿಂದ ಹೆಸರು ತೆಗೆದದ್ದಕ್ಕೆ ಅವರಿಂದ ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಹಗ್ಗ ಬಿಗಿದ ಚೀಲದ ಮೇಲೆ ಪುಸ್ತಕ ಇಟ್ಟುಕೊಂಡು ಅವರು ಕನ್ನಡದಲ್ಲಿ ಸಹಿ ಹಾಕಿದರು. ಆಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಟೈಮ್ ಕಾರ್ಡ್ ತೆಗೆದು ಪುಸ್ತಕದ ಪುಟಗಳ ನಡುವೆ ಸೇರಿಸಿ, ಮುಚ್ಚಿ, ನನ್ನ ಕೈಗೆ ಕೊಟ್ಟರು.

"ಚೀಲ ಬಿಚ್ಚಿ ನೋಡ್ತಾರಂತೆ. ಇದು ನಿಮ್ಮ ಹತ್ರವೇ ಇರ್ಲಿ."

ನಾನು ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡೆ.

"ಮ್ಯಾನೇಜರು ಕೇಳಿದ್ರು, ಅರ್ಥ ಯಾರು ಹೇಳಿದ್ದು ಅಂತ. ನಾನೇ ಓದಿದ್ದು ಅಂದೆ. ನಂಬ್ಲಿಲ್ಲ. ನಿಮ್ಮ ಅಕ್ಷರ ಬೇರೆ ಚಂದ, ದೂರದಿಂದ ನೋಡಿದ್ರೂ ಗೊತ್ತಾಗ್ತದೆ."

"ಆ ರಿಪೋರ್ಟು..." ಎಂದೆ ನಾನು.

"ಗೊತ್ತುಂಟು ಮಾಸ್ಟ್ರೇ. ಯಜಮಾನರಿಗೆ ಅದನ್ನು ಕೊಂಡು ಹೋದ ಡ್ರೈವರ್ ಯಾರಿಂದಲೋ ಓದಿಸಿ ಕೇಳಿಕೊಂಡು ಬಂದಿದ್ದ. ಹಕ್ಕಿನ ಅರಿವು ಅಂತ ಬರ್ದಿದ್ದೀರಂತೆ. ದೊಡ್ಡ ಮಾತು." ಅವರು ತಂತಿ ಸುತ್ತಿದ ಕನ್ನಡಕ ಸರಿಮಾಡಿಕೊಂಡರು. "ಇನ್ನು ಇವರ ಕಾಗದ ನೀವು ಓದಿ ಹೇಳಿ. ಯಾರ್ದಾದ್ರೂ ಉಮ್ಮ, ಅಮ್ಮ ತೀರಿಕೊಂಡ ಸುದ್ದಿ ಬಂದ್ರೆ ಮಾತ್ರ ಕೆಲಸಕ್ಕೆ ಹೋಗುವ ಮೊದಲು ಹೇಳ್ಬೇಡಿ. ಸಾರುವೆ ಹತ್ತುವವರು."

ಪಿಕಪ್ಪಿನ ಡ್ರೈವರ್ ಯಲ್ಲಾ ಯಲ್ಲಾ ಎಂದು ಹಾರ್ನ್ ಹೊಡೆದ. ಮಗಳ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಮೂರು ವರ್ಷದಲ್ಲಿ ಎರಡು ವರ್ಷಕ್ಕೂ ಹೆಚ್ಚು ಬಾಕಿ ಇತ್ತು. ನಾನೂ ಕೇಳಲಿಲ್ಲ.

ನನ್ನ ಬಳಿಗೆ ಕಾಗದ ಓದಿಸಲು ಯಾರೂ ಬರಲಿಲ್ಲ. ಶುಕ್ರವಾರ ಸಿ ಬ್ಲಾಕಿನ ನೆರಳಿಗೆ ನಾನೇ ಹೋಗಿ ಕೂತೆ, ಎರಡು ವಾರ. ಲೇಬರಿನವರು ಕಾಗದಗಳನ್ನು ಹಿಡಿದುಕೊಂಡು ಪಕ್ಕದ ಕ್ಯಾಂಪಿಗೆ ನಡೆದುಹೋದರು, ಬಿಸಿಲಲ್ಲಿ, ಅಲ್ಲಿ ಯಾರೋ ಓದುವವರಿದ್ದಾರೆಂದು. ಮಾಸ್ಟ್ರೇ ಎಂದು ಕರೆಯುವುದೂ ನಿಂತಿತು. "ಟೈಮ್‌ಕೀಪರ್, ನನ್ನ ಹಾಜರಿ ಹಾಕಿ," ಎನ್ನುತ್ತಿದ್ದರು. ಮಧ್ಯಾಹ್ನದ ಅನ್ನ ಮಾತ್ರ ನಿಲ್ಲಲಿಲ್ಲ. ಯಜಮಾನರು ಒಳ್ಳೆಯವರು, ಅನ್ನ ನಿಲ್ಲಿಸಬಾರದೆಂದು ಹೇಳಿದ್ದರು. ಯಾಕೆ ಎಂದು ಅವರು ಕೇಳಿದ್ದರು. ಯಾರು ಎಂದು ನಾವು ಉತ್ತರ ಕೊಟ್ಟೆವು. ಅವರಿಗೆ ಸಿಕ್ಕಿದ್ದು ಅಷ್ಟೇ.

ಮುಂದೆ ನಾನು ಆ ಕಂಪನಿ ಬಿಟ್ಟೆ. ಒಂದು ಟ್ರೇಡಿಂಗ್ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಊರಲ್ಲೇ ಬಿಟ್ಟು ಬಂದಿದ್ದ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆಸಿಕೊಂಡೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾವು ಅಲ್ ಗುಬ್ರಾದ ಒಂದು ಫ್ಲ್ಯಾಟಿನಲ್ಲಿದ್ದೆವು. ಬಾಲ್ಕನಿಯಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಚಿಮಣಿಗಳು ಕಾಣುತ್ತಿದ್ದವು. ಮಗಳು ಒಂಬತ್ತನೆಯ ತರಗತಿ. ಮನೆಯಲ್ಲಿ ತುಳು ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಕನ್ನಡ ಓದಲು ಬಾರದು. ಒಂದು ಶುಕ್ರವಾರ ಬೆಳಿಗ್ಗೆ ಇತಿಹಾಸದ ಪುಸ್ತಕ ಹಿಡಿದುಕೊಂಡು ಬಂದಳು.

"ಪಪ್ಪಾ, ಫ್ರೆಂಚ್ ರೆವಲ್ಯೂಶನ್. ಕಾಸಸ್ ಬರೀಬೇಕು. ಟೀಚರ್ ಹೇಳಿದ್ದಾರೆ, ಫೈವ್ ಪಾಯಿಂಟ್ಸ್. ಇಂಟೆಲೆಕ್ಚುಅಲ್ ಕಾಸ್ ಮಿಸ್ ಮಾಡ್ಬಾರ್ದಂತೆ."

ನನಗೆ ಎಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ. ಪುಸ್ತಕ ಕಿತ್ತುಕೊಂಡು ಮೇಜಿನ ಮೇಲೆ ಬಡಿದೆ. "ಐದು ಯಾಕೆ? ಯಾರು ಎಣಿಸಿದ್ದು? ಹಸಿದವರ ಹತ್ತಿರ ಹೋಗಿ ಕೇಳಿದ್ರಾ ನಿನ್ನ ಟೀಚರ್?" ಎಂದು ಕೂಗಿದೆ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. ಮಗಳ ಕಣ್ಣು ತುಂಬಿತ್ತು, ಆದರೆ ಹಟಮಾರಿ. ನನ್ನ ಅಮ್ಮನ ಮೊಮ್ಮಗಳು. "ನೀವು ಹಿಸ್ಟರಿ ಅಲ್ವಾ ಓದಿದ್ದು? ಹಾಗಾದ್ರೆ ಕರೆಕ್ಟ್ ಆನ್ಸರ್ ನೀವೇ ಹೇಳಿ," ಎಂದಳು.

ನಾನು ಒಳಗೆ ಹೋಗಿ, ಡಿಗ್ರಿ ಸರ್ಟಿಫಿಕೇಟು ಇಟ್ಟಿದ್ದ ಫೈಲು ತಂದೆ. ಸರ್ಟಿಫಿಕೇಟಿನ ಹಿಂದೆ ಆ ಮೊದಲ ವರದಿಯ ಕಾರ್ಬನ್ ಪ್ರತಿ ಇತ್ತು, ಐದೂ ಕಾರಣಗಳದ್ದು. ಅದನ್ನು ಅವಳ ಮುಂದೆ ಹಾಕಿದೆ. ಅವಳು ನಿಧಾನವಾಗಿ ಓದಿದಳು.

"ಇಟ್ಸ್ ಎ ಗುಡ್ ಆನ್ಸರ್," ಎಂದಳು. ಅವಳ ಅನುಮಾನ ಇನ್ನೂ ಮುಗಿದಿರಲಿಲ್ಲ. "ಈ ಅಂಕಲ್ ಯಾರು? ಫೋರ್ತ್ ಪಾಯಿಂಟಿನವರು?"

ಹೇಳಿದೆ. ಕನ್ನಡಕ, ಏಳನೆಯ ತರಗತಿ, ಕಾಗದಗಳು, ಟಾರ್ಪಾಲು, ಪಿಕಪ್. ಅವರ ಮಗಳು ಹತ್ತು ಮುಗಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಎಷ್ಟು ಸಲ ಊರಿಗೆ ಹೋದರೂ ಬಂಟ್ವಾಳದಲ್ಲಿ ಬಸ್ಸು ಇಳಿಯಲು ನನ್ನ ಕಾಲು ಬಂದಿರಲಿಲ್ಲ.

ಅವಳು ಮತ್ತೆ ಕಾಗದ ನೋಡಿದಳು. "ಆದ್ರೆ ಪಪ್ಪಾ, ಅವರು ಕನ್ನಡ ಮೀಡಿಯಂ ಅಂದ್ರಿ. ಅಗ್ರಿಮೆಂಟ್ ಇಂಗ್ಲಿಷಲ್ಲಿ ಇತ್ತು ಅಂದ್ರಿ. ಹಾಗಾದ್ರೆ ಅವರಿಗೆ ಯಾರು ಎಕ್ಸ್‌ಪ್ಲೇನ್ ಮಾಡಿದ್ದು?"

ಸೌಟು ಹಿಡಿದು ನಿಂತಿದ್ದ ನನ್ನ ಹೆಂಡತಿಗೂ ಈ ಸಂಗತಿ ಗೊತ್ತಿರಲಿಲ್ಲ. ನಾನು ಫೈಲಿನ ತಳದಿಂದ ನಾಲ್ಕು ಮಡಿಕೆಯ ಟೈಮ್ ಕಾರ್ಡ್ ತೆಗೆದು ಬಿಚ್ಚಿದೆ. ಮಗಳಿಗೆ ಓದಲು ಬರಲಿಲ್ಲ. ಆದರೆ ಅವಳ ಪ್ರೋಗ್ರೆಸ್ ಕಾರ್ಡಿನ ಮೇಲಿನ ನನ್ನ ಕನ್ನಡ ಸಹಿಯಲ್ಲಿ, ಊರಿನ ಅಜ್ಜಿಗೆ ಹೋಗುವ ಕಾಗದಗಳ ಮೇಲೆ, ಆ ಅಕ್ಷರವನ್ನು ಅವಳು ವರ್ಷಗಟ್ಟಲೆ ನೋಡಿದ್ದಳು.

"ಇದು ನಿಮ್ಮ ರೈಟಿಂಗ್," ಎಂದಳು.

"ಹೌದು."

"ಏನು ಬರೆದಿದೆ?"

"ದಿನಕ್ಕೆ ಎರಡು ಹೊತ್ತು ಬಿಸಿ ಊಟ," ಎಂದು ಓದಿದೆ.

ಅವಳು ಪೆನ್ಸಿಲ್ ತೆಗೆದುಕೊಂಡಳು. ಕಾರ್ಬನ್ ಪ್ರತಿಯಲ್ಲಿ ನಾಲ್ಕನೆಯ ಕಾರಣದ ಪಕ್ಕ, ಅವಳ ಟೀಚರು ಹಾಕುವ ಹಾಗೆ ಒಂದು ಅಡ್ಡಗೆರೆ ಎಳೆದು, ಅದರ ಮೇಲೆ ಇಂಗ್ಲಿಷಿನಲ್ಲಿ 'ಅಪೂರ್ಣ' ಎಂದು ಬರೆದಳು. ಕಾಗದವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟು, ಪೆನ್ಸಿಲನ್ನು ಅದರ ಮೇಲೆ ಇಟ್ಟಳು.

ನಾನು ಪೆನ್ಸಿಲನ್ನು ಎತ್ತಿಕೊಂಡೆ.